ಹೊಸ ಮದ್ದಿಗೆ ಮೈ ಒಡ್ಡುವವರು

ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯವರಿಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರು. ಕ್ಯಾನ್ಸರ್ ಆದರೆ ಕೆಲವರು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೂ ಹೋಗುತ್ತಾರೆ. ಅಲ್ಲಿ ರಿಪೋರ್ಟ್ ನೋಡಿದ ಡಾಕ್ಟ್ರು ಒಮ್ಮೊಮ್ಮೆ ಹೀಗೊಂದು ಮಾತು ಹೇಳುವುದುಂಟು: "ಇದಕ್ಕೆ ಹೊಸ ಮದ್ದಿನ ಸ್ಟಡಿ ಒಂದು ನಡೀತಾ ಇದೆ. ಸೇರ್ತೀರಾ? ಮನೆಯಲ್ಲಿ ಕೇಳಿ ಹೇಳಿ." ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಚರ್ಚೆ ಶುರು. ಭಾವ "ಬೇಡವೇ ಬೇಡ, ನಾವೆಂತ ಇಲಿಗಳಾ?" ಅನ್ನುತ್ತಾರೆ. ಅತ್ತಿಗೆ "ಫ್ರೀ ಅಲ್ವಾ, ಡಾಕ್ಟ್ರು ಸುಮ್ನೆ ಹೇಳ್ತಾರಾ?" ಅನ್ನುತ್ತಾರೆ. ಕಾಯಿಲೆ ಇರುವವರನ್ನು ಮಾತ್ರ ಯಾರೂ ಕೇಳುವುದಿಲ್ಲ.

ಇಬ್ಬರ ಮಾತಲ್ಲೂ ಅರ್ಧ ನಿಜ ಇದೆ. ಡಾಕ್ಟ್ರು ಹೇಳುವ ಆ ಸ್ಟಡಿ, ಅಂದರೆ ಕ್ಲಿನಿಕಲ್ ಟ್ರಯಲ್, ಪ್ರಯೋಗವೇ, ಅದರಲ್ಲಿ ಮುಚ್ಚುಮರೆ ಬೇಡ. ಹೊಸ ಮದ್ದು, ಲಸಿಕೆ ಅಥವಾ ಆಪರೇಶನ್ ವಿಧಾನ ಕೆಲಸ ಮಾಡುತ್ತದಾ, ಅದರಿಂದ ತೊಂದರೆ ಎಷ್ಟು ಅಂತ ಮನುಷ್ಯರಲ್ಲೇ ನೋಡುವ ಕೆಲಸ ಅದು. ಲ್ಯಾಬಿನಲ್ಲಿ, ಪ್ರಾಣಿಗಳಲ್ಲಿ ನೋಡಿ ಆದ ಮೇಲೆ ಇದು ಬರುತ್ತದೆ. ಮೊದಲ ಹಂತದಲ್ಲಿ ಹತ್ತಾರು ಜನ, ಹೆಚ್ಚಾಗಿ ಆರೋಗ್ಯವಂತರು. ಎಷ್ಟು ಡೋಸ್ ಕೊಟ್ಟರೆ ಮೈ ತಡೆಯುತ್ತದೆ ಅಂತ ಅಲ್ಲಿ ನೋಡುತ್ತಾರೆ. ಎರಡನೇ ಹಂತಕ್ಕೆ ರೋಗಿಗಳು ಬರುತ್ತಾರೆ, ನೂರರ ಲೆಕ್ಕದಲ್ಲಿ. ಮೂರನೆಯದು ಸಾವಿರದ ಲೆಕ್ಕ. ಕೋವ್ಯಾಕ್ಸಿನ್ ಲಸಿಕೆಯ ಮೂರನೇ ಹಂತಕ್ಕೆ ಸುಮಾರು 25,800 ಜನ ತೋಳು ಕೊಟ್ಟಿದ್ದರು. ನಾಲ್ಕನೆಯದು ಮದ್ದು ಅಂಗಡಿಗೆ ಬಂದ ಮೇಲಿನ ನಿಗಾ.

ಹೋಲಿಸಿ ನೋಡಲಿಕ್ಕೆ ಇನ್ನೊಂದು ಗುಂಪು ಯಾಕೆ ಬೇಕು? ಎಲ್ಲರಿಗೂ ಹೊಸ ಮದ್ದೇ ಕೊಟ್ಟರೆ ಆಗದಾ? ಈ ಪ್ರಶ್ನೆಗೆ ಉತ್ತರ ಕಾಸರಗೋಡಿನವರ ಹಿತ್ತಲಲ್ಲೇ ಇದೆ. 1916ರಲ್ಲಿ ತೆಂಗಿನ ಸಂಶೋಧನೆಗೆ ಅಂತ ಶುರುವಾಗಿ ಈಗ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಆಗಿರುವ ಕೂಡ್ಲಿನ ಕೇಂದ್ರದಂಥ ಜಾಗಗಳಲ್ಲಿ ಇದು ದಿನನಿತ್ಯದ ವಿಷಯ. ಹೊಸ ಗೊಬ್ಬರ ಹಾಕಿದ ತೋಟದಲ್ಲಿ ಫಸಲು ಜಾಸ್ತಿ ಬಂತು ಅನ್ನಿ. ಅದು ಗೊಬ್ಬರದ ಗುಣವಾ, ಆ ವರ್ಷದ ಮಳೆಯ ಗುಣವಾ, ಆ ಮೂಲೆಯ ಮಣ್ಣೇ ಒಳ್ಳೆಯದಿತ್ತಾ? ಹೇಳಲಿಕ್ಕೆ ಬರುವುದಿಲ್ಲ. ಹಾಗಾಗಿ ಜಾಗವನ್ನು ತುಂಡು ತುಂಡು ಮಾಡಿ, ಯಾವುದಕ್ಕೆ ಹೊಸ ಗೊಬ್ಬರ, ಯಾವುದಕ್ಕೆ ಹಳೆಯದು ಅಂತ ಚೀಟಿ ಎತ್ತಿದ ಹಾಗೆ ಹಂಚುತ್ತಾರೆ. ಒಳ್ಳೆ ಮಣ್ಣು, ಬರಡು ಮಣ್ಣು ಎರಡೂ ಕಡೆಗೆ ಬೀಳುತ್ತದೆ. ಆಮೇಲೆ ಉಳಿದ ವ್ಯತ್ಯಾಸ ಗೊಬ್ಬರದ್ದು. ಈ ಉಪಾಯವನ್ನು 1920ರ ದಶಕದಲ್ಲಿ ಗಟ್ಟಿ ಮಾಡಿದ್ದು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿದ್ದ ರೊನಾಲ್ಡ್ ಫಿಶರ್. ಆಸ್ಪತ್ರೆಗೆ ಅದು ಹೊಲದಿಂದಲೇ ಬಂದದ್ದು.

1948ರಲ್ಲಿ ಬ್ರಿಟನ್ನಿನ ವೈದ್ಯರು ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ ಅಚ್ಚಾಯಿತು. ಮದ್ದು ಎಲ್ಲರಿಗೂ ಸಾಲುವಷ್ಟು ಇರಲಿಲ್ಲ, ಹಾಗಾಗಿ ಚೀಟಿ ಎತ್ತುವುದೇ ನ್ಯಾಯ ಅಂತ ಅವರಿಗೆ ಕಂಡಿತು. ಮದ್ದು ಸಿಕ್ಕಿದ 55 ಜನರಲ್ಲಿ ಆರು ತಿಂಗಳೊಳಗೆ 4 ಮಂದಿ ತೀರಿಕೊಂಡರು. ಬರೀ ಹಾಸಿಗೆಯ ವಿಶ್ರಾಂತಿ ಸಿಕ್ಕಿದ 52 ಜನರಲ್ಲಿ 14 ಮಂದಿ. ಉತ್ತರ ಸ್ಪಷ್ಟ. ಆದರೆ ವಿಶ್ರಾಂತಿಯ ಗುಂಪಿನವರಿಗೆ ತಾವೊಂದು ಪ್ರಯೋಗದಲ್ಲಿ ಇದ್ದೇವೆ ಅಂತಲೇ ಗೊತ್ತಿರಲಿಲ್ಲ. ಆಗ ಅದು ಯಾರಿಗೂ ತಪ್ಪಾಗಿ ಕಾಣಲಿಲ್ಲ. ಈಗ ಹಾಗೆ ಮಾಡಿದರೆ ಕೇಸು ಬೀಳುತ್ತದೆ.

ಇದರ ಮುಂದಿನ ಕಥೆ ನಮ್ಮ ಪಕ್ಕದ್ದೇ. 1956ರಲ್ಲಿ ಮದರಾಸಿನಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ಶುರುವಾಯಿತು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ), ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಒಟ್ಟು ಸೇರಿ ಮಾಡಿದ್ದು. ಆ ಕಾಲದಲ್ಲಿ ಕ್ಷಯ ಅಂದರೆ ಸ್ಯಾನಿಟೋರಿಯಂ. ಒಳ್ಳೆ ಗಾಳಿ, ಹಾಲು ಮೊಟ್ಟೆ, ತಿಂಗಳುಗಟ್ಟಲೆ ಮಲಗಿರುವುದು. ಹಾಸಿಗೆಗಳು ಕಡಿಮೆ, ರೋಗಿಗಳು ಲಕ್ಷಗಟ್ಟಲೆ. ಹಾಗಾದರೆ ಮನೆಯಲ್ಲೇ ಇಟ್ಟು ಗುಳಿಗೆ ಕೊಟ್ಟರೆ? ಮನೆಯವರಿಗೆಲ್ಲ ಹರಡಬಹುದಲ್ಲ ಅಂತ ಹೆದರಿಕೆ. ಕೇಂದ್ರದವರು ಬಡ ಕುಟುಂಬಗಳ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು, ಒಟ್ಟು ಇನ್ನೂರರ ಒಳಗೆ. ಒಂದು ಗುಂಪು ಸ್ಯಾನಿಟೋರಿಯಂಗೆ, ಇನ್ನೊಂದು ಇಕ್ಕಟ್ಟಾದ ತಮ್ಮ ತಮ್ಮ ಮನೆಗೆ. ಎರಡೂ ಕಡೆ ಒಂದು ವರ್ಷ ಅದೇ ಗುಳಿಗೆ. 1959ರಲ್ಲಿ ಬಂದ ಫಲಿತಾಂಶ ನೋಡಿದರೆ ಗುಣವಾದದ್ದು ಹೆಚ್ಚುಕಡಿಮೆ ಒಂದೇ ರೀತಿ. ಹೊಟ್ಟೆ ತುಂಬ ಊಟ ಸಿಗದವರು, ವಿಶ್ರಾಂತಿ ಇಲ್ಲದವರು ಕೂಡ ಸರಿಯಾಗಿ ಮದ್ದು ತಗೊಂಡರೆ ಗುಣವಾದರು. ಮನೆಯಲ್ಲಿ ಇದ್ದದ್ದರಿಂದ ಮನೆಯವರಿಗೆ ಹೆಚ್ಚು ಹರಡಲಿಲ್ಲ. ಮುಂದೆ ಜಗತ್ತಿನ ಎಲ್ಲ ಕಡೆ ಸ್ಯಾನಿಟೋರಿಯಂಗಳು ಬಾಗಿಲು ಹಾಕಿದ್ದರ ಹಿಂದೆ ಈ ಪ್ರಯೋಗದ ಪಾಲು ದೊಡ್ಡದು. ಇವತ್ತು ಕುಂಬಳೆಯಲ್ಲೋ ಉಪ್ಪಳದಲ್ಲೋ ಒಬ್ಬರು ಸರ್ಕಾರಿ ಆಸ್ಪತ್ರೆಯಿಂದ ಟಿಬಿ ಗುಳಿಗೆ ತಂದು ಮನೆಯಲ್ಲೇ ನುಂಗುತ್ತಾರೆ ಅಂದರೆ ಆ ದಾರಿ ಮಾಡಿಕೊಟ್ಟವರಲ್ಲಿ ಮದರಾಸಿನ ಆ ಹೆಸರಿಲ್ಲದ ರೋಗಿಗಳೂ ಇದ್ದಾರೆ.

ಅವರು ಲೋಕಕ್ಕೆ ಉಪಕಾರ ಆಗಲಿ ಅಂತ ಒಪ್ಪಿದರಾ? ನನಗೆ ಹಾಗನಿಸುವುದಿಲ್ಲ. ಮದ್ದು ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ, ಅಷ್ಟೇ ಇದ್ದಿರಬಹುದು. ಅದರಲ್ಲಿ ತಪ್ಪೇನಿಲ್ಲ.

ಸೇರುವವರ ಕಾರಣ ಒಂದೇ ಇರುವುದಿಲ್ಲ. ಮೊದಲನೆಯದು ಆಸೆ. ಇದ್ದ ದಾರಿಯೆಲ್ಲ ಮುಗಿದವರಿಗೆ ಟ್ರಯಲ್ ಒಂದು ಕಿಟಕಿ. ನಮ್ಮ ದೇಶದ್ದೇ ಕಾರ್-ಟಿ ಚಿಕಿತ್ಸೆ (ರೋಗಿಯದೇ ರಕ್ಷಣಾ ಕೋಶಗಳನ್ನು ಹೊರಗೆ ತೆಗೆದು, ಬದಲಿಸಿ, ಕ್ಯಾನ್ಸರ್ ವಿರುದ್ಧ ಬಿಡುವುದು), ನೆಕ್ಸ್‌ಕಾರ್19, ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ್ದು, 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಪಡೆಯಿತು. ಅದನ್ನು ಮೊದಲು ತಗೊಂಡವರು ಬೇರೆ ಚಿಕಿತ್ಸೆ ಫಲಿಸದ, ಅಥವಾ ಗುಣವಾಗಿ ಮತ್ತೆ ಮರುಕಳಿಸಿದ ರಕ್ತದ ಕ್ಯಾನ್ಸರ್ ರೋಗಿಗಳು. ವೆಲ್ಲೂರಿನ ಸಿಎಂಸಿಯಲ್ಲಿ ಹಿಮೋಫಿಲಿಯಾ ಎ ಇದ್ದ ಐದು ಜನ ಜೀನ್ ಚಿಕಿತ್ಸೆಗೆ, ಅಂದರೆ ಕೆಟ್ಟ ಜೀನಿನ ಕೆಲಸ ಮಾಡುವ ಸರಿಯಾದ ಜೀನನ್ನು ಜೀವಕೋಶಕ್ಕೆ ಸೇರಿಸುವುದಕ್ಕೆ, ಒಪ್ಪಿದರು. ಹಿಮೋಫಿಲಿಯಾ ಇದ್ದವರಿಗೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಸಣ್ಣದಾಗಿ ಮಂಡಿ ತಾಗಿದರೂ ಕೀಲಿನ ಒಳಗೆ ರಕ್ತ ಸೋರಿ ಊದಿಕೊಳ್ಳುತ್ತದೆ. ಅಂಥದ್ದು ಪದೇ ಪದೇ ಆಗಿ ಯೌವನದಲ್ಲೇ ಕಾಲು ಮಡಚಲಿಕ್ಕೆ ಬರದಂತಾಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ದುಬಾರಿ ಫ್ಯಾಕ್ಟರ್ ಇಂಜೆಕ್ಷನ್ ಜೀವನಪೂರ್ತಿ. 2024ರ ಡಿಸೆಂಬರಿನಲ್ಲಿ ಪ್ರಕಟವಾದ ವರದಿಯ ಪ್ರಕಾರ, ಚಿಕಿತ್ಸೆಯ ನಂತರ ಗಮನಿಸಿದ ಅವಧಿಯಲ್ಲಿ ಆ ಐವರಲ್ಲಿ ಯಾರಿಗೂ ಅಂಥ ರಕ್ತಸ್ರಾವ ಆಗಲಿಲ್ಲ. ಇಂಥ ಸುದ್ದಿ ಓದಿದ ಮೇಲೆ ಆಸೆ ಹುಟ್ಟದೆ ಇರುತ್ತದಾ?

ಇಲ್ಲೇ ಒಂದು ಜಾರುಬಂಡೆ ಇದೆ. ಚಿಕಿತ್ಸೆಯಲ್ಲಿ ಡಾಕ್ಟ್ರು ನಿಮ್ಮನ್ನು ನೋಡಿ ಡೋಸ್ ಏರಿಸುತ್ತಾರೆ, ಇಳಿಸುತ್ತಾರೆ, ಮದ್ದು ಬದಲಿಸುತ್ತಾರೆ. ಟ್ರಯಲ್‌ನಲ್ಲಿ ಮೊದಲೇ ಬರೆದಿಟ್ಟ ಪ್ರೋಟೋಕಾಲ್ ಉಂಟು. ಯಾವ ಮದ್ದು ಅಂತ ಚೀಟಿ ಹೇಳುತ್ತದೆ, ಎಷ್ಟು ಅಂತ ಪ್ರೋಟೋಕಾಲ್ ಹೇಳುತ್ತದೆ. ಹಲವು ಟ್ರಯಲ್‌ಗಳಲ್ಲಿ ನಿಮಗೆ ಸಿಕ್ಕಿದ್ದು ಯಾವುದು ಅಂತ ಡಾಕ್ಟ್ರಿಗೂ ಗೊತ್ತಿರುವುದಿಲ್ಲ, ಗೊತ್ತಿರಬಾರದು. ಗೊತ್ತಿದ್ದರೆ ಹೊಸ ಮದ್ದು ಸಿಕ್ಕಿದವರನ್ನು ಹೆಚ್ಚು ಕಾಳಜಿಯಿಂದ ನೋಡಿಬಿಡಬಹುದು, "ಸ್ವಲ್ಪ ಆರಾಮ ಕಾಣ್ತದೆ" ಅಂತ ಬರೆದುಬಿಡಬಹುದು. "ಡಾಕ್ಟ್ರು ನನಗೆ ಒಳ್ಳೆಯದಾಗಲಿ ಅಂತಲೇ ಇದನ್ನು ಆರಿಸಿದ್ದಾರೆ" ಅಂತ ನಂಬಿ ಸೇರುವವರು ಬಹಳ ಜನ. ನಿಜ ಏನೆಂದರೆ, ಯಾವುದು ಒಳ್ಳೆಯದು ಅಂತ ಗೊತ್ತಿಲ್ಲದ್ದಕ್ಕೇ ಟ್ರಯಲ್ ಮಾಡುವುದು. ಗೊತ್ತಿದ್ದರೆ ಮಾಡುವುದೇ ತಪ್ಪು.

"ಸಕ್ಕರೆ ಗುಳಿಗೆ ಕೊಟ್ಟು ಸಾಯಲಿಕ್ಕೆ ಬಿಡ್ತಾರೆ" ಅನ್ನುವ ಹೆದರಿಕೆಯನ್ನೂ ಇಲ್ಲೇ ಮುಗಿಸೋಣ. ಒಳ್ಳೆ ಚಿಕಿತ್ಸೆ ಈಗಾಗಲೇ ಇರುವ ಗಂಭೀರ ಕಾಯಿಲೆಗೆ ಬರೀ ಮದ್ದಿಲ್ಲದ ಹುಸಿಗುಳಿಗೆ ಕೊಟ್ಟು ಕೂರಿಸುವ ಟ್ರಯಲ್‌ಗೆ ಸಾಮಾನ್ಯವಾಗಿ ಒಪ್ಪಿಗೆ ಸಿಗುವುದಿಲ್ಲ. ಇರುವ ಚಿಕಿತ್ಸೆ ಇಬ್ಬರಿಗೂ ಸಿಗುತ್ತದೆ. ಅದರ ಮೇಲೆ ಒಬ್ಬರಿಗೆ ಹೊಸ ಮದ್ದು, ಇನ್ನೊಬ್ಬರಿಗೆ ಹುಸಿಗುಳಿಗೆ. ಆದರೂ "ನನ್ನ ಗುಂಪಿಗೆ ಎಂತ ಸಿಗ್ತದೆ?" ಅಂತ ಬಾಯಿ ಬಿಟ್ಟು ಕೇಳಿ. ಅದು ನಿಮ್ಮ ಹಕ್ಕು.

ಎರಡನೇ ಕಾರಣ ಯಾರೂ ಹೆಚ್ಚು ಮಾತಾಡದ್ದು: ವಿಚಾರಿಸಿಕೊಳ್ಳುವವರು ಸಿಗುತ್ತಾರೆ. ನಮ್ಮ ನೆರೆಯ ಹಿರಿಯರೊಬ್ಬರು ಶುಗರಿನ ಸ್ಟಡಿಯೊಂದಕ್ಕೆ ಸೇರಿದ್ದರು. ಅಡಿಕೆ ತೋಟ ಇರುವವರು, ದುಡ್ಡಿನ ತಾಪತ್ರಯ ಇಲ್ಲ. ಯಾಕೆ ಸೇರಿದಿರಿ ಅಂತ ಕೇಳಿದ್ದಕ್ಕೆ, "ಅಲ್ಲಿ ಒಬ್ಬಳು ಕೋಆರ್ಡಿನೇಟರ್ ಹುಡುಗಿ ಉಂಟು ಮಾರಾಯ್ರೆ, ಫೋನ್ ಮಾಡಿ ಗುಳಿಗೆ ತಗೊಂಡ್ರಾ, ಕಾಲಲ್ಲಿ ಗಾಯ ಉಂಟಾ ಅಂತ ಕೇಳ್ತಾಳೆ. ನನ್ನ ಮಗ ಕೇಳುವುದಿಲ್ಲ," ಅಂದರು. ನಗು ಬಂತು, ಆದರೆ ಮಾತು ಸುಳ್ಳಲ್ಲ. ಒಪಿಡಿಯಲ್ಲಿ ಮೂರು ತಾಸು ಕಾದು ಮೂರು ನಿಮಿಷ ಮಾತಾಡಿ ಬರುವವರಿಗೆ, ಹೆಸರು ಹಿಡಿದು ಕರೆದು ಕೂರಿಸಿ, ಬಿಪಿ ನೋಡಿ, ರಕ್ತ ತೆಗೆದು, ಮುಂದಿನ ತಾರೀಕು ಬರೆದು ಕೊಡುವ ಜಾಗ ಸಿಕ್ಕಿದರೆ ಅದೇ ದೊಡ್ಡದು.

ದುಡ್ಡಿನ ವಿಷಯಕ್ಕೆ ಬರೋಣ. ರೋಗಿಗಳಿಗೆ ಟ್ರಯಲ್‌ನ ಮದ್ದು, ಅದಕ್ಕೆ ಬೇಕಾದ ಪರೀಕ್ಷೆ ಉಚಿತ, ಬಸ್ಸು ಖರ್ಚು ಕೊಡುವುದುಂಟು. ಬೀಡಿ ಕಟ್ಟುವ ಅಕ್ಕನಿಗೆ ಮಂಗಳೂರಿಗೆ ಹೋದ ದಿನ ಕೂಲಿ ಇಲ್ಲ, ಹಾಗಾಗಿ ಆ ಖರ್ಚು ಸಣ್ಣ ಮಾತಲ್ಲ. ಆರೋಗ್ಯವಂತರು ಸೇರುವ ಮೊದಲ ಹಂತದಲ್ಲಿ ದುಡ್ಡೇ ಮುಖ್ಯ ಕಾರಣ. ಅದನ್ನು ಹೀಗಳೆಯಬೇಕಾಗಿಲ್ಲ, ಅಪಾಯ ಮಾತ್ರ ಗೊತ್ತಿರಲಿ. 2006ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಅನ್ನುವ ಮದ್ದನ್ನು ಮೊದಲ ಸಲ ಮನುಷ್ಯರಿಗೆ ಕೊಟ್ಟರು. ಎಂಟು ಯುವಕರಲ್ಲಿ ಇಬ್ಬರಿಗೆ ಹುಸಿಮದ್ದು, ಆರು ಮಂದಿಗೆ ನಿಜವಾದದ್ದು. ಆ ಆರೂ ಮಂದಿ ಕೆಲವೇ ತಾಸಿನಲ್ಲಿ ಅಂಗಾಂಗ ಸೋತು ಐಸಿಯು ಸೇರಿದರು. ಜೀವ ಉಳಿಯಿತು. ಅದಾದ ಮೇಲೆ ಮೊದಲ ಡೋಸನ್ನು ಎಲ್ಲರಿಗೂ ಸಾಲಾಗಿ ಕೊಡುವ ಪದ್ಧತಿಯೇ ಬದಲಾಯಿತು. ಮೊದಲು ಒಬ್ಬರಿಗೆ ಕೊಟ್ಟು, ಕಾದು ನೋಡಿ, ಮತ್ತೆ ಮುಂದಿನವರಿಗೆ.

ಇನ್ನು ತನಗೆ ಏನೂ ಸಿಗದಿದ್ದರೂ ಬೇರೆಯವರಿಗೆ ಅಂತ ಸೇರುವವರು. ಇದ್ದಾರೆ, ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಅದೇ ಕಾಯಿಲೆಯಲ್ಲಿ ಮಗುವನ್ನು ಕಳಕೊಂಡವರು, ತಾಯಿಯಿಂದ ಬಂದ ಕಾಯಿಲೆ ಮಗಳಿಗೂ ಬರಬಹುದು ಅಂತ ಹೆದರಿದವರು. ಅಮೆರಿಕದ ಜೆಸ್ಸಿ ಗೆಲ್ಸಿಂಗರ್ ಅಂಥವನು. ಅವನಿಗೆ 18 ವರ್ಷ. ಲಿವರಿನ ಒಂದು ಎಂಜೈಮ್ ಕೊರತೆಯಿಂದ ಮೈಯಲ್ಲಿ ಅಮೋನಿಯಾ ಏರುವ ಕಾಯಿಲೆ, ಆದರೆ ಪಥ್ಯ ಮತ್ತು ಗುಳಿಗೆಯಲ್ಲಿ ಹಿಡಿತಕ್ಕೆ ಬಂದಿತ್ತು. ಅದೇ ಕಾಯಿಲೆ ಜೋರಾಗಿ ಇರುವ ಹಸುಗೂಸುಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಸಾಯುತ್ತವೆ. ಅವುಗಳಿಗೆ ದಾರಿ ಆಗಲಿ ಅಂತ ಅವನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೀನ್ ಚಿಕಿತ್ಸೆಯ ಟ್ರಯಲ್‌ಗೆ ಸೇರಿದ. ತನಗೆ ಅದರಿಂದ ಪ್ರಯೋಜನ ಇಲ್ಲ ಅಂತ ಅವನಿಗೆ ಗೊತ್ತಿತ್ತು. ಇಂಜೆಕ್ಷನ್ ಆದ ನಾಲ್ಕನೇ ದಿನ, 1999ರ ಸೆಪ್ಟೆಂಬರ್ 17ರಂದು, ಹೋಗಿಬಿಟ್ಟ. ತನಿಖೆಯಲ್ಲಿ ಒಂದೊಂದಾಗಿ ಹೊರಬಂತು. ಅವನ ಅಮೋನಿಯಾ ಮಟ್ಟ ಟ್ರಯಲ್‌ನ ಮಿತಿಗಿಂತ ಜಾಸ್ತಿ ಇತ್ತು. ಮಂಗಗಳಲ್ಲಿ ಇಂಥ ಮದ್ದಿನಿಂದ ಸಾವಾದ ವಿಷಯ ಒಪ್ಪಿಗೆ ಪತ್ರದಲ್ಲಿ ಇರಲಿಲ್ಲ. ಟ್ರಯಲ್‌ನ ಹಿಂದಿದ್ದ ಮುಖ್ಯ ಸಂಶೋಧಕರಿಗೆ ಸಂಬಂಧಪಟ್ಟ ಕಂಪನಿಯಲ್ಲಿ ಪಾಲಿತ್ತು. ಹುಡುಗನ ಮನಸ್ಸು ದೊಡ್ಡದಿತ್ತು. ಆದರೆ ಅವನ ಮುಂದೆ ಇಟ್ಟ ಕಾಗದದಲ್ಲಿ ನಿಜ ಪೂರ್ತಿ ಇರಲಿಲ್ಲ.

ಇದಕ್ಕೇ ನಾನು ಹೇಳುವುದು, ಯಾಕೆ ಸೇರಿದರು ಅಂತ ಕೇಳುವ ಮೊದಲು ಏನು ತಿಳಿದುಕೊಂಡು ಸೇರಿದರು ಅಂತ ಕೇಳಬೇಕು. ಆಸೆ, ಫ್ರೀ ಮದ್ದು, ದುಡ್ಡು, ಡಾಕ್ಟ್ರ ಮೇಲಿನ ಭರವಸೆ, ಪರೋಪಕಾರ, ಯಾವ ಕಾರಣವೂ ಕೀಳಲ್ಲ.

ಕಾಸರಗೋಡಿನವರ ಅನುಮಾನಕ್ಕೆ ಬೇರೆಯೇ ಒಂದು ಬೇರು ಇದೆ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಕೆಳಗಿದ್ದವರ ಒಪ್ಪಿಗೆ ಯಾರೂ ಕೇಳಲಿಲ್ಲ. ಆಮೇಲೆ ಸಮಿತಿಗಳು ಬಂದವು, ಸರ್ವೆಯವರು ಬಂದರು, ರಕ್ತ ತೆಗೆದರು, ನೀರು ತುಂಬಿಸಿಕೊಂಡು ಹೋದರು. ಎಣ್ಮಕಜೆ ಪಂಚಾಯತಿನ ಪಡ್ರೆಯ ಶಾಲೆ ಹುಡುಗರನ್ನು, ಸುಮಾರು 20 ಕಿ.ಮೀ. ಆಚೆಯ ಸಿಂಪಡಣೆ ಇಲ್ಲದ ಊರಿನ ಹುಡುಗರ ಜೊತೆ ಹೋಲಿಸಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಮಾಡಿದ ಅಧ್ಯಯನ 2003ರಲ್ಲಿ ಅಚ್ಚಾಯಿತು. ಅದು ಕ್ಲಿನಿಕಲ್ ಟ್ರಯಲ್ ಅಲ್ಲ, ಅಲ್ಲಿ ಯಾವ ಮದ್ದನ್ನೂ ಪರೀಕ್ಷಿಸಲಿಲ್ಲ, ಆಗಿಹೋದ ಹಾನಿಯನ್ನು ಅಳೆದದ್ದು. ಇಂಥ ಅಧ್ಯಯನದಿಂದಲೇ ಜನರ ಮಾತಿಗೆ ಬಲ ಬಂದದ್ದು ಕೂಡ. ಆದರೆ ಕೈ ಚಾಚಿ ರಕ್ತ ಕೊಟ್ಟ ತಾಯಿಗೆ ಸ್ಟಡಿಯೂ ಒಂದೇ, ಟ್ರಯಲ್ಲೂ ಒಂದೇ. ಪುನಃ ಯಾರಾದರೂ ಫಾರಂ ಹಿಡಿದು ಬಂದರೆ "ಇನ್ನೆಂತ ಪ್ರಯೋಗ?" ಅಂತ ಕೇಳುವವರನ್ನು ಅಜ್ಞಾನಿಗಳು ಅನ್ನುವ ಹಾಗಿಲ್ಲ.

ದೇಶದಲ್ಲೂ ಇಂಥ ಗಾಯ ಇದೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ, ಗುಜರಾತಿನ ವಡೋದರಾದಲ್ಲಿ ಸಾವಿರಾರು ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದರು. ಖಮ್ಮಂನಲ್ಲಿ ಎಷ್ಟೋ ಫಾರಂಗಳಿಗೆ ಸಹಿ ಹಾಕಿದ್ದು ಅಪ್ಪ ಅಮ್ಮ ಅಲ್ಲ, ಹಾಸ್ಟೆಲ್ ವಾರ್ಡನ್‌ಗಳು. 2010ರಲ್ಲಿ ಯೋಜನೆ ನಿಂತಿತು. ಹುಡುಗಿಯರಲ್ಲಿ ಕೆಲವರು ಸತ್ತದ್ದಕ್ಕೂ ಲಸಿಕೆಗೂ ಸಂಬಂಧ ಇಲ್ಲ ಅಂತ ತನಿಖೆ ಹೇಳಿತು. ಲಸಿಕೆ ಒಳ್ಳೆಯದೇ, ಇವತ್ತು ಎಷ್ಟೋ ದೇಶಗಳಲ್ಲಿ ಕೊಡುತ್ತಾರೆ. ಒಪ್ಪಿಗೆ ತಗೊಂಡ ರೀತಿ ಕೆಟ್ಟದಿತ್ತು, ಅದರಿಂದ ಒಳ್ಳೆ ಲಸಿಕೆಗೂ ಕೆಟ್ಟ ಹೆಸರು ಬಂತು.

ಈಗಿನ ನಿಯಮ 2019ರ ಮಾರ್ಚಿನದ್ದು. ಅದರ ಪ್ರಕಾರ ಟ್ರಯಲ್‌ಗೆ ಸೇರುವವರ ಹಿತ ಕಾಯುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. ಕಮಿಟಿಯಲ್ಲಿ ಕಡಿಮೆ ಅಂದರೆ ಏಳು ಜನ, ಅರ್ಧದಷ್ಟು ಮಂದಿ ಆ ಸಂಸ್ಥೆಯ ಹೊರಗಿನವರು. ಕಾನೂನು ತಿಳಿದವರು, ವೈದ್ಯಕೀಯದ ಗಂಧ ಇಲ್ಲದ ಸಾಮಾನ್ಯರು ಒಬ್ಬರು, ಮಹಿಳೆ ಒಬ್ಬರಾದರೂ ಇರಬೇಕು. ಗಂಭೀರ ತೊಂದರೆ ಏನಾದರೂ ಆದರೆ ಡಾಕ್ಟ್ರು 24 ಗಂಟೆಯೊಳಗೆ ಮೇಲಿನವರಿಗೆ ತಿಳಿಸಬೇಕು. ಹಾನಿಗೆ ಉಚಿತ ಚಿಕಿತ್ಸೆ ಕೊಡಬೇಕು, ಎಷ್ಟು ದಿನ ಬೇಕೋ ಅಷ್ಟು ದಿನ, ಇಲ್ಲವೇ ಟ್ರಯಲ್‌ಗೂ ಅದಕ್ಕೂ ಸಂಬಂಧ ಇಲ್ಲ ಅಂತ ಗೊತ್ತಾಗುವವರೆಗೆ. ಟ್ರಯಲ್‌ನಿಂದಲೇ ಸಾವು ಅಂತ ಆದರೆ ಪರಿಹಾರದ ಲೆಕ್ಕ 8 ಲಕ್ಷ ರೂಪಾಯಿಯ ಮೂಲ ಮೊತ್ತದಿಂದ ಶುರುವಾಗುತ್ತದೆ, ವಯಸ್ಸು ಮತ್ತು ಕಾಯಿಲೆಯ ತೀವ್ರತೆ ನೋಡಿ ಏರುತ್ತದೆ, ಇಳಿಯುತ್ತದೆ.

ಕಾಗದದ ಮೇಲಿನ ಈ ಮಾತುಗಳೆಲ್ಲ ನಿಮ್ಮ ಕೈಗೆ ಬರುವುದು ಒಪ್ಪಿಗೆ ಫಾರಂ ಆಗಿ. ಹಲವು ಪುಟ ಇರುತ್ತದೆ. ಎಷ್ಟು ಸಲ ರಕ್ತ ತೆಗೆಯುತ್ತಾರೆ, ಒಂದೊಂದು ಸಲಕ್ಕೆ ಎಷ್ಟು, ಎಷ್ಟು ಸಲ ಬರಬೇಕು, ಬೇರೆ ಚಿಕಿತ್ಸೆ ಏನುಂಟು, ಗೊತ್ತಿರುವ ಅಡ್ಡಪರಿಣಾಮ ಯಾವುದು, ಬೇಡ ಅನಿಸಿದರೆ ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು ಮತ್ತು ಬಿಟ್ಟರೆ ಮಾಮೂಲಿ ಚಿಕಿತ್ಸೆಗೆ ತೊಂದರೆ ಇಲ್ಲ ಅನ್ನುವುದು, ಎಲ್ಲ ಅದರಲ್ಲಿ ಇರಬೇಕು. ಕೊನೆಗೆ ಎರಡು ಫೋನ್ ನಂಬರ್, ಒಂದು ಡಾಕ್ಟ್ರದ್ದು, ಇನ್ನೊಂದು ಎಥಿಕ್ಸ್ ಕಮಿಟಿಯದ್ದು. ಓದಲಿಕ್ಕೆ ಬಾರದವರು ಹೆಬ್ಬೆಟ್ಟು ಒತ್ತುವಾಗ ಟ್ರಯಲ್‌ಗೆ ಸಂಬಂಧ ಇಲ್ಲದ ಸಾಕ್ಷಿಯೊಬ್ಬರು ಪಕ್ಕದಲ್ಲಿದ್ದು ಸಹಿ ಹಾಕಬೇಕು. ದುರ್ಬಲ ಸ್ಥಿತಿಯಲ್ಲಿರುವವರ ಮೇಲೆ ಪೂರ್ತಿ ಹೊಸ ಮದ್ದಿನ ಟ್ರಯಲ್ ಆದರೆ ಈ ಮಾತುಕತೆಯ ವಿಡಿಯೋ ಮಾಡಬೇಕು. ಫಾರಂನ ಒಂದು ಪ್ರತಿ ನಿಮ್ಮದು. ಅದನ್ನು ಸಹಿ ಹಾಕುವ ಮೊದಲೇ ಮನೆಗೆ ತರಲಿಕ್ಕೆ ಕೇಳಿ. "ಈಗಲೇ ಹಾಕಿ, ಮತ್ತೆ ಓದಿ" ಅಂದರೆ ಆ ಟ್ರಯಲ್ ಬೇಡ.

ನಮ್ಮವರಿಗೆ ಇನ್ನೊಂದು ಫಜೀತಿ ಉಂಟು. ಮಂಗಳೂರಿನಲ್ಲಾದರೆ ಫಾರಂ ಕನ್ನಡದಲ್ಲಿ ಸಿಗುತ್ತದೆ. ತಲಶ್ಶೇರಿಗೋ ತಿರುವನಂತಪುರಕ್ಕೋ ಹೋದರೆ ಎದುರಿಗೆ ಬರುವುದು ಮಲಯಾಳಂ. ಮಾತಾಡಲಿಕ್ಕೆ ಬರುತ್ತದೆ, ಆದರೆ ಕನ್ನಡ ಶಾಲೆಯಲ್ಲಿ ಕಲಿತ ಮಂಜೇಶ್ವರದ ಅಜ್ಜಿ ಅಡ್ಡಪರಿಣಾಮದ ಪಟ್ಟಿಯನ್ನು ಮಲಯಾಳಂನಲ್ಲಿ ಓದುವುದು ಬೇರೆ ಮಾತು. ಸಂಕೋಚದಿಂದ "ಆಯ್ತು" ಅಂತ ತಲೆಯಾಡಿಸಿ ಬರುವವರೇ ಜಾಸ್ತಿ. ಸೇರುವವರಿಗೆ ಅರ್ಥವಾಗುವ ಭಾಷೆಯಲ್ಲೇ ತಿಳಿಸಬೇಕು ಅಂತ ನಿಯಮವೇ ಇದೆ. ಕನ್ನಡ ಪ್ರತಿ ಕೊಡಿ ಅಂತ ಕೇಳುವುದು ಜಂಭ ಅಲ್ಲ. ಮಗನೋ ಮೊಮ್ಮಗಳೋ ಬಾಯಿಮಾತಲ್ಲಿ ಹೇಳಿ ಮುಗಿಸಿದರೆ ಸಾಲುವುದಿಲ್ಲ. ಅವರಿಗೆ ಹೆದರಿಕೆಯಾದ ಸಾಲನ್ನು ಅವರು ನಿಮಗೆ ಹೇಳುವುದಿಲ್ಲ.

ಟ್ರಯಲ್ ನಿಜವಾದದ್ದಾ ಅಂತ ನೋಡುವುದೂ ಕಷ್ಟ ಇಲ್ಲ. 2009ರ ಜೂನ್ 15ರಿಂದ ಪ್ರತಿ ಟ್ರಯಲ್ ಶುರುವಾಗುವ ಮೊದಲೇ ಐಸಿಎಂಆರ್‌ನ ಸಿಟಿಆರ್‌ಐ ಅನ್ನುವ ದೇಶದ ಟ್ರಯಲ್ ದಾಖಲೆಯಲ್ಲಿ ನೋಂದಣಿ ಆಗಿರಬೇಕು. ನಂಬರ್ ಕೇಳಿ ತಗೊಂಡು ಬನ್ನಿ. ಯಾರು ಮಾಡಿಸುತ್ತಿದ್ದಾರೆ, ಯಾವ ಆಸ್ಪತ್ರೆಗಳಲ್ಲಿ, ಎಷ್ಟು ಜನ ಬೇಕು, ಏನನ್ನು ಅಳೆಯುತ್ತಾರೆ ಅಂತ ಮೊಬೈಲಿನಲ್ಲೇ ಕಾಣುತ್ತದೆ. ಹಾಗೆಯೇ, ಟ್ರಯಲ್ ಮುಗಿದ ಮೇಲೆ ಆ ಮದ್ದು ನನಗೆ ಹಿಡಿಸಿದ್ದರೆ ಮುಂದೆಯೂ ಸಿಗುತ್ತದಾ, ಫಲಿತಾಂಶ ಬಂದಾಗ ನನಗೆ ತಿಳಿಸುತ್ತೀರಾ ಅಂತ ಎರಡು ಪ್ರಶ್ನೆ ಮೊದಲ ದಿನವೇ ಕೇಳಿಡಿ. ಬೇರೆ ಒಳ್ಳೆ ಚಿಕಿತ್ಸೆ ಇಲ್ಲದ ಕಾಯಿಲೆಗೆ ಹೊಸ ಮದ್ದಿನಿಂದ ಉಪಕಾರ ಆಗಿದ್ದರೆ, ಟ್ರಯಲ್ ಡಾಕ್ಟ್ರು ಶಿಫಾರಸು ಮಾಡಿ ಎಥಿಕ್ಸ್ ಕಮಿಟಿ ಒಪ್ಪಿದರೆ, ಮುಂದೆಯೂ ಅದನ್ನು ಉಚಿತವಾಗಿ ಕೊಡಲಿಕ್ಕೆ 2019ರ ನಿಯಮದಲ್ಲಿ ದಾರಿ ಇದೆ.